ಕಾವೇರಿಯ ಹರಿಗೋಲೂ ಬಿಳಿಮೀನಿನ ಲೆಕ್ಕವೂ

ಸೇಲಂ ಜಿಲ್ಲೆಗಾಗಲಿ ಧರ್ಮಪುರಿ ಜಿಲ್ಲೆಗಾಗಲಿ ಕಡಲ ತೀರವಿಲ್ಲ. ಆದುದರಿಂದ ಇಲ್ಲಿಯ ಕನ್ನಡಿಗರ ಪತ್ರಿಕೆಯಲ್ಲಿ ದೋಣಿಯೇರಿ ಗಾಳ ಹಾಕುವವರ ಇತಿಹಾಸವನ್ನು ಬರೆಯಹೊರಟರೆ ವಾಚಕರು ನಗಬಹುದು. ನಮಗೆ ಕಡಲಿಲ್ಲದಿದ್ದರೂ ಕಾವೇರಿಯಿದೆ. ಹೊಗೆನಕಲ್ಲಿನಲ್ಲಿ ಬಂಡೆಗಳನ್ನು ಸೀಳಿ ಇಳಿಯುವ ಆ ಹೊಳೆ ಮೇಟ್ಟೂರಿಗೆ ಬರುವ ಹೊತ್ತಿಗೆ ತಾನೇ ಒಂದು ಸಣ್ಣ ಕಡಲಾಗಿ ಹರಡಿಕೊಳ್ಳುತ್ತದೆ. ಈ ನೀರಿನ ಮೇಲೆ ಹರಿಗೋಲಿನಲ್ಲಿ ಕುಳಿತು, ಹೊಟ್ಟೆಪಾಡಿಗಾಗಿ ಅಲ್ಲದೆ ಮನಸ್ಸಿನ ಉಲ್ಲಾಸಕ್ಕಾಗಿ ಗಾಳ ಹಾಕಿದವರ ಚರಿತ್ರೆಯೊಂದು ಉಂಟು. ಆ ಚರಿತ್ರೆಯ ನಡುವೆ ಒಂದು ದೊಡ್ಡ ಮೀನಿನ ಬಾಳೂ ಅದರ ಅಳಿವೂ ಸೇರಿಕೊಂಡಿವೆ. ಅದನ್ನು ನಾವು ತಿಳಿದಷ್ಟು ಮಟ್ಟಿಗೆ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಭೇದವನ್ನು ಗಮನಿಸಬೇಕು. ಬಲೆ ಬೀಸಿ ಬದುಕುವ ಬೆಸ್ತನಿಗೆ ಮೀನು ಅನ್ನ. ಎಷ್ಟು ಬೇಗ, ಎಷ್ಟು ಹೆಚ್ಚು ಸಿಕ್ಕಿತೆಂಬುದೇ ಅವನಿಗೆ ಮುಖ್ಯ. ಅದು ನ್ಯಾಯವೂ ಹೌದು. ವಿನೋದಕ್ಕಾಗಿ ಗಾಳ ಹಾಕುವವನ ಮಾತು ಬೇರೆ. ಅವನು ತನ್ನ ಕೆಲಸವನ್ನು ತಾನೇ ಕಷ್ಟವಾಗಿಸಿಕೊಳ್ಳುತ್ತಾನೆ. ಸಣ್ಣ ದೋಣಿ, ತೆಳುವಾದ ದಾರ, ಬಾಗುವ ಕೋಲು, ಜೊತೆಗೆ ಇಬ್ಬರು ಮೂವರು ಸಮಾನ ಮನಸ್ಕರು, ಇಷ್ಟೇ ಅವನ ಸಾಮಗ್ರಿ. ಮೀನಿಗೂ ತಪ್ಪಿಸಿಕೊಳ್ಳುವ ಅವಕಾಶವಿರಬೇಕು ಎಂಬುದು ಈ ಆಟದ ಮೊದಲ ನಿಯಮ. ಹಿಡಿದ ಮೀನಿನ ತೂಕವನ್ನು ಸುಳ್ಳಿಲ್ಲದೆ ಹೇಳಬೇಕು ಎಂಬುದು ಎರಡನೆಯದು. ಅಮೆರಿಕದ ಕ್ಯಾಲಿಫೋರ್ನಿಯಾ ತೀರದಾಚೆಯ ಕ್ಯಾಟಲಿನಾ ದ್ವೀಪದಲ್ಲಿ 1898ರಲ್ಲಿ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಎಂಬವರು ಗಾಳಗಾರರ ಸಂಘವೊಂದನ್ನು ಕಟ್ಟಿ, ಕಡಲ ದೊಡ್ಡ ಮೀನುಗಳನ್ನು ಹಗುರವಾದ ಕೋಲುದಾರಗಳಿಂದಲೇ ಹಿಡಿಯಬೇಕೆಂದು ಕಟ್ಟಳೆ ಮಾಡಿದರು. 1939ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸಂಸ್ಥೆಯೊಂದು ಎಲ್ಲ ದೇಶಗಳ ಗಾಳಗಾರರ ದಾಖಲೆಗಳನ್ನು ಒಂದೇ ನಿಯಮದಿಂದ ಪರೀಕ್ಷಿಸಿ ಬರೆದಿಡಲು ತೊಡಗಿತು. ಗೆಳೆಯರ ಎದುರಿನಲ್ಲಿ ತೂಗಿ ಪುಸ್ತಕದಲ್ಲಿ ಬರೆದಿಡುವ ಈ ಪದ್ಧತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಕಥೆಯ ತಿರುಳು ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಗಾಳದ ವಿನೋದವು ಕೇವಲ ಪಾಶ್ಚಾತ್ಯರ ಆಮದು ಎಂದು ಹಲವರ ಎಣಿಕೆ. ಅದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಮಹಾಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೊಂದಿದೆ. ಕಡಲಿನ ಮೀನುಗಳಾವುವು, ಹೊಳೆಯ ಮೀನುಗಳಾವುವು, ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು, ಯಾವುದಕ್ಕೆ ಯಾವ ಎರೆ, ದಾರವೂ ಗಾಳವೂ ಕೋಲೂ ಹೇಗಿರಬೇಕು ಎಂಬುದನ್ನೆಲ್ಲ ದೊರೆಯು ಶಾಸ್ತ್ರದಂತೆ ವಿವರಿಸಿರುವನು. ಸುಮಾರು 35 ಬಗೆಯ ಮೀನುಗಳ ಮಾತು ಅಲ್ಲಿ ಬರುತ್ತದೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ವಿದ್ವಾಂಸರ ಗಮನಕ್ಕೆ ತಂದರು. ಕನ್ನಡ ನಾಡನ್ನಾಳಿದ ಅರಸನೊಬ್ಬನು ಸುಮಾರು 900 ವರ್ಷಗಳ ಹಿಂದೆಯೇ ಗಾಳದ ಕೋಲನ್ನು ಹಿಡಿಯುವುದರಲ್ಲಿ ವಿದ್ಯೆಯನ್ನು ಕಂಡಿದ್ದನು. ಇದು ನಮಗೆ ಹೆಮ್ಮೆಯ ವಿಷಯ. ಆದರೆ ಹೆಮ್ಮೆಪಡುವಷ್ಟರಲ್ಲಿ ಒಂದು ಪ್ರಶ್ನೆಯೂ ಏಳುತ್ತದೆ. ದೊರೆಗೆ ಈ ಮೀನುಗಳ ಹೆಸರನ್ನೂ ಗುಣವನ್ನೂ ತಿಳಿಸಿದವರು ಯಾರು? ಹೊಳೆಯ ದಡದಲ್ಲಿ ಬಾಳಿದ ಅಂಬಿಗರೂ ಬೆಸ್ತರೂ ತಾನೆ? ಅವರ ಹೆಸರು ಗ್ರಂಥದಲ್ಲಿ ಬಂದಿಲ್ಲ. ಈ ಲೋಪವು ಮುಂದೆಯೂ ತಪ್ಪದೆ ಬರುವುದನ್ನು ನಾವು ಕಾಣಲಿರುವೆವು.

ಇನ್ನು ದೋಣಿಯ ವಿಚಾರ. ನಮ್ಮ ಕಡೆಯ ದೋಣಿಯೆಂದರೆ ಹರಿಗೋಲು. ತಮಿಳರು ಅದನ್ನು ಪರಿಸಲ್ ಎನ್ನುವರು. ಬಿದಿರಿನ ಸೀಳುಗಳನ್ನು ದೊಡ್ಡ ಬುಟ್ಟಿಯಂತೆ ದುಂಡಗೆ ಹೆಣೆದು, ಹೊರಗಡೆ ಹಿಂದೆ ಚರ್ಮವನ್ನೂ ಈಚೆಗೆ ಡಾಂಬರು ಬಳಿದ ಬಟ್ಟೆ ಅಥವಾ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸುವುದು ವಾಡಿಕೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಬುಟ್ಟಿಯಂತೆ ದುಂಡಗಿದ್ದು ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನರು ತುಂಗಭದ್ರೆಯನ್ನು ದಾಟುತ್ತಿದ್ದುದನ್ನು ಬರೆದಿರುವನು. ಇದಕ್ಕೆ ಮುಂದಿಲ್ಲ, ಹಿಂದಿಲ್ಲ, ಚುಕ್ಕಾಣಿಯಿಲ್ಲ, ಅಡಿಗಟ್ಟಿಲ್ಲ. ಅಂಬಿಗನು ಒಂದೇ ಹುಟ್ಟಿನಿಂದ ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತ ಅದನ್ನು ನಡೆಸುತ್ತಾನೆ. ಕಲ್ಲಿಗೆ ತಾಗಿದರೆ ಮರದ ದೋಣಿ ಒಡೆದೀತು. ಹರಿಗೋಲು ಬಾಗಿ ಹಿಂದಕ್ಕೆ ಪುಟಿಯುತ್ತದೆ. ಮಡುವಿನಿಂದ ಮಡುವಿಗೆ ಹೋಗಬೇಕಾದಾಗ ಒಬ್ಬನೇ ಅದನ್ನು ತಲೆಯ ಮೇಲೆ ಕವುಚಿಕೊಂಡು ಬಂಡೆಗಳ ಮೇಲೆ ನಡೆದುಬಿಡಬಲ್ಲನು. ಹೊಗೆನಕಲ್ಲಿನಂಥ ಕಲ್ಲಿನ ಕೊರಕಲಿನಲ್ಲಿ ಇದಕ್ಕಿಂತ ತಕ್ಕ ದೋಣಿಯನ್ನು ಯಾವ ಎಂಜಿನಿಯರನೂ ಕಲ್ಪಿಸಲಾರನು.

ಹೊಗೆನಕಲ್ ಎಂಬ ಹೆಸರೇ ಕನ್ನಡದ್ದು. ಬೀಳುವ ನೀರು ತುಂತುರಾಗಿ ಎದ್ದು ಹೊಗೆಯಂತೆ ಕಾಣುವ ಕಲ್ಲು ಎಂದು ಅದರ ಅರ್ಥ. ಈ ದಡ ಧರ್ಮಪುರಿ ಜಿಲ್ಲೆಯ ಪೆನ್ನಾಗರ ತಾಲ್ಲೂಕಿಗೆ ಸೇರಿದೆ. ಆ ದಡ ಕರ್ನಾಟಕದ ಚಾಮರಾಜನಗರ ಜಿಲ್ಲೆಗೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಆಚೆಯ ಕೊಳ್ಳೇಗಾಲವೂ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯಲ್ಲಿಯೇ ಇದ್ದಿತು. ಈಚೆಯ ಧರ್ಮಪುರಿ 1965ರವರೆಗೆ ಸೇಲಂ ಜಿಲ್ಲೆಯ ಭಾಗವಾಗಿದ್ದಿತು. 2004ರಲ್ಲಿ ಅದರಿಂದ ಕೃಷ್ಣಗಿರಿ ಬೇರೆಯಾಯಿತು. ಗಡಿಗಳು ಹೀಗೆ ಹಲವು ಸಲ ಬದಲಾದರೂ ಹೊಳೆಯ ಎರಡು ದಡಗಳಲ್ಲಿಯೂ ಕನ್ನಡ ತಮಿಳುಗಳೆರಡನ್ನೂ ಆಡುವ ಜನರು ಉಳಿದುಬಂದಿರುವರು. ಮೀನಿಗಂತೂ ಗಡಿಯೆಂಬುದೇ ಇಲ್ಲ.

ಆ ಮೀನುಗಳ ಪೈಕಿ ರಾಜನೆನಿಸಿದ್ದು ಬಿಳಿಮೀನು. ಇಂಗ್ಲಿಷರು ಅದನ್ನು ಮಹಸೀರ್ ಎಂದರು. ಅಂಗೈಯಗಲದ ಹುರುಪೆಗಳು, ದಪ್ಪ ತುಟಿ, ಬೆನ್ನ ಮೇಲೆ ಗೂನಿನಂಥ ಉಬ್ಬು, ಕಿತ್ತಳೆ ಬಣ್ಣದ ರೆಕ್ಕೆಗಳು ಇವು ಕಾವೇರಿಯ ಬಿಳಿಮೀನಿನ ಲಕ್ಷಣಗಳು. ರಭಸದ ನೀರಿನಲ್ಲಿ ಬಂಡೆಗಳ ಮರೆಯಲ್ಲಿ ನಿಲ್ಲುವುದು ಅದರ ಸ್ವಭಾವ. ಅದನ್ನು ಹಿಡಿಯಲು ಬಳಸುತ್ತಿದ್ದ ಎರೆಯನ್ನು ಕೇಳಿದರೆ ನಮ್ಮ ವಾಚಕರಿಗೆ ಸಂತೋಷವಾದೀತು: ಅದು ರಾಗಿಯ ಮುದ್ದೆ! ರಾಗಿಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಾದಿ, ನಿಂಬೆಯ ಹಣ್ಣಿನಷ್ಟೋ ಅದಕ್ಕಿಂತ ದೊಡ್ಡದೋ ಉಂಡೆ ಕಟ್ಟಿ ಗಾಳವನ್ನು ಅದರೊಳಗೆ ಹುದುಗಿಸುವುದು ರೂಢಿ. ನಾವು ಉಣ್ಣುವುದನ್ನೇ ನಮ್ಮ ಹೊಳೆಯ ಮೀನೂ ಉಣ್ಣುತ್ತಿದ್ದಿತು. ಕಚ್ಚಿದ ಬಿಳಿಮೀನು ಹೊಳೆಯ ಇಳಿವಿನತ್ತ ಓಟ ಕಿತ್ತರೆ ದಡದ ಮೇಲೆ ನಿಂತವನಿಂದ ಏನೂ ಆಗದು. ನೂರು ಗಜ ದಾರ ಕ್ಷಣದಲ್ಲಿ ರಾಟೆಯಿಂದ ಬಿಚ್ಚಿಹೋಗಿ ಬಂಡೆಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಆಗ ಹರಿಗೋಲಿನಲ್ಲಿ ಬೆನ್ನಟ್ಟಬೇಕು. ಸಿಕ್ಕಿದ ದಾರವನ್ನು ಅಂಬಿಗನು ಬಿಡಿಸಬೇಕು. ಸುಳಿಯಲ್ಲಿ ತಿರುಗುವ ಬುಟ್ಟಿಯನ್ನು ಅವನೇ ನಿಲ್ಲಿಸಬೇಕು. ಕೋಲು ಹಿಡಿದವನ ಕೈಚಳಕಕ್ಕಿಂತ ಹುಟ್ಟು ಹಿಡಿದವನ ನೀರಿನ ಅರಿವೇ ಇಲ್ಲಿ ಹೆಚ್ಚಿನದು.

1792ರಲ್ಲಿ ಟಿಪ್ಪು ಸುಲ್ತಾನನಿಂದ ಬಾರಾಮಹಲ್ ಸೀಮೆಯು ಇಂಗ್ಲಿಷರ ವಶವಾಯಿತು. ಕಲೆಕ್ಟರುಗಳೂ ದಂಡಿನ ಅಧಿಕಾರಿಗಳೂ ಬಂದರು. ಅವರಲ್ಲಿ ಹಲವರೊಡನೆ ಗಾಳದ ಕೋಲುಗಳೂ ಬಂದವು. ಈ ವಿಷಯದಲ್ಲಿ ಮೊದಲು ನೆನೆಯಬೇಕಾದವರು ಹೆನ್ರಿ ಸಲ್ಲಿವನ್ ಥಾಮಸ್. ಮದರಾಸು ಸಿವಿಲ್ ಸರ್ವಿಸಿಗೆ ಸೇರಿದ ಇವರು ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದಾಗ ಹೊಳೆಮೀನುಗಳ ಬಗ್ಗೆ ಸರ್ಕಾರಕ್ಕೆ ವರದಿ ಬರೆದುದಲ್ಲದೆ, ಭಾರತದಲ್ಲಿ ಗಾಳ ಹಾಕುವುದನ್ನು ಕುರಿತು ದೊಡ್ಡ ಗ್ರಂಥವೊಂದನ್ನು ರಚಿಸಿದರು. ಅದು 1873ರಲ್ಲಿ ಪ್ರಕಟವಾದುದು ನಮ್ಮ ಮಂಗಳೂರಿನಲ್ಲಿ. ಬಿಳಿಮೀನಿಗೆ ಅವರು ಕೊಟ್ಟ ಮಾನ ದೊಡ್ಡದು. ಅದಕ್ಕಿಂತ ಹೆಚ್ಚಾಗಿ, ಸಣ್ಣ ಕಣ್ಣಿನ ಬಲೆಯಿಂದ ಮರಿಗಳನ್ನು ಬಳಿಯುವುದನ್ನೂ ನೀರಿಗೆ ವಿಷ ಬೆರೆಸುವುದನ್ನೂ ತಡೆಯದಿದ್ದರೆ ಹೊಳೆಗಳು ಬರಿದಾಗುವುವೆಂದು ಅವರು ಒತ್ತಿ ಹೇಳಿದರು. 1897ರ ಭಾರತೀಯ ಮೀನುಗಾರಿಕೆ ಕಾಯಿದೆಯು ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದನ್ನು ಅಪರಾಧವೆಂದು ಸಾರಿತು. ಕಾಯಿದೆ ಪುಸ್ತಕದಲ್ಲಿ ಉಳಿಯಿತು. ಸಿಡಿಮದ್ದು ಹೊಳೆಯಲ್ಲಿ ಉಳಿಯಿತು ಎಂದರೆ ಕಠಿನವಾದ ಮಾತಾದರೂ ಸುಳ್ಳಾಗದು.

ಈ ಕಾಲದ ದಾಖಲೆಗಳು ಇಂದಿಗೂ ಬೆರಗುಗೊಳಿಸುತ್ತವೆ. 1919ರಲ್ಲಿ ಮೇಜರ್ ರಿವೆಟ್ ಕಾರ್ನಾಕ್ ಎಂಬವರು ಕಾವೇರಿಯಲ್ಲಿ 119 ಪೌಂಡು ತೂಕದ ಬಿಳಿಮೀನನ್ನು ಹಿಡಿದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಪಿಲೆಯಲ್ಲಿ 120 ಪೌಂಡಿನ ಮೀನನ್ನು ಹಿಡಿದರು. 120 ಪೌಂಡೆಂದರೆ ಸುಮಾರು 54 ಕಿಲೋ. ಪ್ರಾಯದ ಮನುಷ್ಯನೊಬ್ಬನ ತೂಕ. ಬೇಟೆಯ ಪ್ರಾಣಿಗಳಿಗೆ ಚರ್ಮ ತುಂಬಿ ನಿಲ್ಲಿಸುವ ಕಲೆಯಲ್ಲಿ ಹೆಸರಾಗಿದ್ದ ಮನೆತನವದು. ತೂಕ ಬರೆಯಲಾಯಿತು, ಹಿಡಿದವರ ಹೆಸರೂ ಬರೆಯಲಾಯಿತು. ಅಂದು ಹರಿಗೋಲು ನಡೆಸಿದವರಾರು, ಮೀನು ಇಂಥ ಮಡುವಿನಲ್ಲಿದೆಯೆಂದು ತೋರಿಸಿದವರಾರು ಎಂಬುದನ್ನು ದಾಖಲೆಯ ಪಟ್ಟಿ ಹೇಳುವುದಿಲ್ಲ.

ಈ ನಡುವೆ ಹೊಳೆಯೇ ಬದಲಾಯಿತು. ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ 1924ರಲ್ಲಿ ಒಪ್ಪಂದವಾದ ಮೇಲೆ 1925ರಲ್ಲಿ ಮೇಟ್ಟೂರಿನಲ್ಲಿ ಅಣೆಕಟ್ಟಿನ ಕೆಲಸ ಪ್ರಾರಂಭವಾಯಿತು. 1934ರಲ್ಲಿ ಅದು ಮುಗಿದು, ಅಂದಿನ ಗವರ್ನರ್ ಸರ್ ಜಾರ್ಜ್ ಸ್ಟಾನ್ಲಿಯವರ ಹೆಸರಿನಿಂದ ಸ್ಟಾನ್ಲಿ ಜಲಾಶಯವೆನಿಸಿತು. ಕಟ್ಟೆಯ ಉದ್ದ 5,300 ಅಡಿ. ನೀರಿನ ಪೂರ್ಣಮಟ್ಟ 120 ಅಡಿ. ತುಂಬಿದಾಗ ನೀರು ಹರಡುವುದು ಸುಮಾರು 59 ಚದರ ಮೈಲಿ. ಹಿನ್ನೀರು ಹೊಗೆನಕಲ್ಲಿನ ಸಮೀಪದವರೆಗೂ ಚಾಚುತ್ತದೆ. ಹಲವು ಹಳ್ಳಿಗಳು ಮುಳುಗಿದವು. ನೀರು ಬಹಳ ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಕಡೆ ಹಳೆಯ ದೇವಾಲಯದ ನಂದಿಯೂ ಇಗರ್ಜಿಯೊಂದರ ಗೋಪುರವೂ ನೀರಿನಿಂದ ಮೇಲೆದ್ದು ನಿಲ್ಲುವುದನ್ನು ನೋಡಲು ಜನರು ಗುಂಪುಗೂಡುತ್ತಾರೆ. ತಂಜಾವೂರಿನ ಗದ್ದೆಗಳಿಗೆ ಈ ಅಣೆಕಟ್ಟಿನಿಂದಾದ ಉಪಕಾರವನ್ನು ಯಾರೂ ಮರೆಯಬಾರದು. ಆದರೆ ಮೀನಿನ ದೃಷ್ಟಿಯಿಂದ ಅದು ಮುಚ್ಚಿದ ಬಾಗಿಲು. ಕಡಲಿನಿಂದ ಹೊಳೆಯೇರಿ ಬಂದು ಮೊಟ್ಟೆಯಿಡುವ ಉಲ್ಲಂ ಎಂಬ ಮೀನಿನ ಸಂತತಿ ಅಣೆಕಟ್ಟಿನ ಬಳಿಕ ಕಾವೇರಿಯಲ್ಲಿ ಕುಗ್ಗಿಹೋಯಿತು. ಹೊಳೆಯಲ್ಲಿ ಬೆಳೆದು ಮೊಟ್ಟೆಯಿಡಲು ಕಡಲಿಗಿಳಿಯುವ ಹಾವುಮೀನಿಗೂ ದಾರಿ ಕಟ್ಟಿತು. ಕಡಲಿಗೂ ನಮಗೂ ಇದ್ದ ಜೀವಂತವಾದ ನಂಟು ಕಡಿದುದು ಹೀಗೆ. ಜಲಾಶಯದ ನಿಂತ ನೀರಿಗೆ ಕಾಟ್ಲಾ ಮೊದಲಾದ ಬೇರೆ ನದಿಗಳ ಮೀನುಗಳನ್ನು ತಂದು ಬಿಡಲಾಯಿತು. ಅವು ಹುಲುಸಾಗಿ ಬೆಳೆದು ಸಾವಿರಾರು ಬೆಸ್ತರ ಮನೆಗಳಿಗೆ ಅನ್ನವಾದವು. ರಭಸದ ನೀರನ್ನು ಬಯಸುವ ಬಿಳಿಮೀನಿಗೆ ಮಾತ್ರ ಆ ನಿಂತ ನೀರು ಹಿಡಿಸದು. ಅದರ ಬಾಳು ಜಲಾಶಯದಿಂದ ಮೇಲಕ್ಕೆ, ಹೊಗೆನಕಲ್ಲಿನಿಂದ ಶಿವನಸಮುದ್ರದವರೆಗಿನ ಕಾಡುಗಣಿವೆಯಲ್ಲಿ ಉಳಿಯಿತು.

ಸ್ವಾತಂತ್ರ್ಯಾನಂತರ ಗಾಳದ ಅಧಿಕಾರಿಗಳು ತಮ್ಮ ದೇಶಕ್ಕೆ ಮರಳಿದರು. ಕಾವೇರಿಯ ಬಿಳಿಮೀನು ಅಳಿದೇ ಹೋಯಿತೆಂಬ ಮಾತು ಹೊರಗೆ ಹಬ್ಬಿತು. 1977ರಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಗಾಳಗಾರರು ದೇಶವೆಲ್ಲ ಸುತ್ತಿ, ಕಾವೇರಿಯಲ್ಲಿ ದೊಡ್ಡ ಬಿಳಿಮೀನುಗಳು ಇನ್ನೂ ಇವೆಯೆಂಬುದನ್ನು ಹಿಡಿದು ತೋರಿಸಿದರು. ಹೊರಜಗತ್ತಿಗೆ ಅದು ಹೊಸ ಶೋಧ. ಹೊಳೆಯ ದಡದವರಿಗೆ ಅದು ಎಂದೂ ಮರೆತಿಲ್ಲದ ಸಂಗತಿ. ಬೆಂಗಳೂರಿನಲ್ಲಿ 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘವು ಹೊಳೆಯ ಕೆಲವು ಭಾಗಗಳನ್ನು ವಹಿಸಿಕೊಂಡು ಕಾವಲಿಟ್ಟಿತು. ಮುಂದೆ ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳಗಾರರಿಗಾಗಿ ಬಿಡಾರಗಳನ್ನು ನಡೆಸಿತು. ಇಲ್ಲಿ ಹೊಸ ಧರ್ಮವೊಂದು ರೂಢಿಗೆ ಬಂದಿತು. ಹಿಡಿದ ಮೀನನ್ನು ಕೊಲ್ಲದೆ, ಜೋಳಿಗೆಯಲ್ಲಿಟ್ಟು ತೂಗಿ, ತೂಕವನ್ನು ಪುಸ್ತಕದಲ್ಲಿ ಬರೆದು, ಮತ್ತೆ ಹೊಳೆಗೇ ಬಿಡತಕ್ಕದ್ದು. ಹಿಂದೆ ಬಲೆಯನ್ನೂ ಸಿಡಿಮದ್ದನ್ನೂ ನೆಚ್ಚಿ ಬದುಕಿದ್ದ ಕೆಲವರು ಇಲ್ಲಿ ಹರಿಗೋಲು ನಡೆಸುವವರಾಗಿ, ಕಾವಲುಗಾರರಾಗಿ ಸಂಬಳ ಪಡೆದರು. ಜೀವಂತ ಮೀನು ಸತ್ತ ಮೀನಿಗಿಂತ ಹೆಚ್ಚು ಬೆಲೆಯದೆಂಬುದನ್ನು ಹೊಟ್ಟೆಯ ಮೂಲಕವೇ ಕಲಿಸಿದ ಏರ್ಪಾಡು ಇದು. ವೀರಪ್ಪನ್ ಈ ಕಾಡುಗಳಲ್ಲಿ ತಲೆಮರೆಸಿಕೊಂಡಿದ್ದ ವರ್ಷಗಳಲ್ಲಿ ಹೊಳೆಯ ದಡದಲ್ಲಿ ಭಯ ಕವಿದಿದ್ದಿತು. 2004ರ ಅಕ್ಟೋಬರಿನಲ್ಲಿ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯ ಬಳಿ ಅವನ ಅಂತ್ಯವಾಯಿತು.

ಈಗ ಕಥೆಯ ನೋವಿನ ಭಾಗಕ್ಕೆ ಬರೋಣ. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು ತಮ್ಮ ಕೆರೆಗಳ ಬಳಿ ಮಹಸೀರ್ ಮರಿಗಳನ್ನು ಕೃತಕವಾಗಿ ಬೆಳೆಸುವ ಕೇಂದ್ರವನ್ನು ಸ್ಥಾಪಿಸಿದರು. ಅದು ಶ್ಲಾಘ್ಯವಾದ ಸಾಹಸ. ಅಲ್ಲಿಯ ಮೀನು ನೀಲಿ ರೆಕ್ಕೆಯ ಮಹಸೀರ್. ಕರ್ನಲ್ ಸೈಕ್ಸ್ ಎಂಬವರು 1839ರಲ್ಲಿ ಪುಣೆಯ ಸೀಮೆಯ ಹೊಳೆಗಳಿಂದ ವರ್ಣಿಸಿದ ಜಾತಿ. 1970ರ ದಶಕದಿಂದ ಆ ಮರಿಗಳನ್ನು ತಂದು ಕಾವೇರಿಗೆ ಬಿಡಲಾಯಿತು. ಮಹಸೀರ್ ಕಡಿಮೆಯಾಗಿದೆ, ಮಹಸೀರ್ ಮರಿಗಳನ್ನು ಬಿಟ್ಟರೆ ಹೆಚ್ಚುತ್ತದೆ ಎಂಬುದೇ ಎಲ್ಲರ ಎಣಿಕೆ. ಗಾಳಗಾರರೂ ಅದಕ್ಕೆ ಒತ್ತಾಸೆಯಾದರು. ಯಾರಲ್ಲಿಯೂ ಕೆಟ್ಟ ಉದ್ದೇಶವಿರಲಿಲ್ಲ. ಆದರೆ ಮಹಸೀರ್ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಜಾತಿಗಳಿವೆ. ಕಾವೇರಿಯ ಗೂನುಬೆನ್ನಿನ ಬಿಳಿಮೀನು ಕಾವೇರಿಯ ನೀರಿನಲ್ಲಿಯೇ ಹುಟ್ಟಿ ಬೆಳೆದ ಪ್ರತ್ಯೇಕ ಜಾತಿ ಎಂಬುದು ಆಗ ಸ್ಪಷ್ಟವಾಗಿರಲಿಲ್ಲ. ವಿಜ್ಞಾನದಲ್ಲಿ ಅದಕ್ಕೆ ಖಚಿತವಾದ ಹೆಸರೂ ಇರಲಿಲ್ಲ! ಪ್ರಪಂಚದ ಗಾಳಗಾರರೆಲ್ಲ ಕನಸು ಕಂಡ ಮೀನು ಶಾಸ್ತ್ರದ ಕಣ್ಣಿಗೆ ಅನಾಮಧೇಯವಾಗಿಯೇ ಉಳಿದಿದ್ದಿತು.

ಇದು ಬಯಲಾದುದು ಹೇಗೆ? ಗಾಳಗಾರರ ಪುಸ್ತಕದಿಂದಲೇ. 1998ರಿಂದ 2012ರವರೆಗೆ ಗಾಳಿಬೋರೆಯ ಬಿಡಾರದಲ್ಲಿ ಹಿಡಿದು ಬಿಟ್ಟ ಮೀನುಗಳ ಲೆಕ್ಕವನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಗಾಳ ಹಾಕಿದ 23,000ಕ್ಕೂ ಹೆಚ್ಚು ಗಂಟೆಗಳು, ಹಿಡಿದ 6,000ಕ್ಕೂ ಹೆಚ್ಚು ಮೀನುಗಳು ಆ ಲೆಕ್ಕದಲ್ಲಿದ್ದವು. ಮೇಲುನೋಟಕ್ಕೆ ಸಂತೋಷದ ಸುದ್ದಿ: ಗಂಟೆಗೊಂದರಂತೆ ನೋಡಿದರೆ ಸಿಗುವ ಮೀನುಗಳ ಸಂಖ್ಯೆ ವರ್ಷವರ್ಷಕ್ಕೆ ಏರುತ್ತಿದ್ದಿತು. ಆದರೆ ಜಾತಿ ಜಾತಿಗಳನ್ನು ಬೇರ್ಪಡಿಸಿ ನೋಡಿದಾಗ ಎದೆಗುಂದುವ ಸಂಗತಿ ಹೊರಬಿದ್ದಿತು. ಏರಿದುದು ಹೊರಗಿನಿಂದ ಬಂದ ನೀಲಿ ರೆಕ್ಕೆಯ ಮೀನಿನ ಸಂಖ್ಯೆ. ಗೂನುಬೆನ್ನಿನ ಬಿಳಿಮೀನು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತ, ಸಿಕ್ಕಿದ ಒಂದೊಂದೂ ದೊಡ್ಡದಾಗುತ್ತ ಹೋಗಿದ್ದಿತು. ಇದರ ಅರ್ಥವನ್ನು ಶಾಲೆಯ ಉದಾಹರಣೆಯಿಂದ ಹೇಳಬಹುದು. ಒಂದು ಪಾಠಶಾಲೆಯಲ್ಲಿ ವರ್ಷವರ್ಷವೂ ಮೇಲಿನ ತರಗತಿಯಲ್ಲಿ ಮಾತ್ರ ಕೆಲವು ಮಕ್ಕಳಿದ್ದು, ಒಂದನೆಯ ತರಗತಿಗೆ ಯಾರೂ ಸೇರದೆ ಹೋದರೆ ಆ ಶಾಲೆಯ ಗತಿಯೇನು? ಗಡಿಭಾಗದ ಕನ್ನಡ ಶಾಲೆಗಳ ಹಾಜರಿ ಪುಸ್ತಕವನ್ನು ಬಲ್ಲ ನಮಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ದೊಡ್ಡ ಮೀನುಗಳು ಉಳಿದಿದ್ದವು, ಮರಿಗಳು ಬರುತ್ತಿರಲಿಲ್ಲ.

2018ರಲ್ಲಿ ಅದೇ ವಿಜ್ಞಾನಿಗಳ ತಂಡವು ನೀಲಗಿರಿಯ ಬದಿಯ ಮೋಯಾರ್ ಹೊಳೆಯಲ್ಲಿ ಉಳಿದಿದ್ದ ಗೂನುಬೆನ್ನಿನ ಮೀನುಗಳನ್ನು ಪರೀಕ್ಷಿಸಿ, ಕೇರಳದ ಪಾಂಬಾರಿನಿಂದ ಹಿಂದೆ ವರ್ಣಿತವಾಗಿದ್ದ ಟಾರ್ ರೆಮಾದೇವಿಐ ಎಂಬ ಜಾತಿಯೂ ಕಾವೇರಿಯ ಬಿಳಿಮೀನೂ ಒಂದೇ ಎಂದು ನಿರ್ಣಯಿಸಿತು. ಮತ್ಸ್ಯವಿಜ್ಞಾನಿ ಕೆ. ರೆಮಾದೇವಿಯವರ ಗೌರವಾರ್ಥವಾಗಿ ಇಟ್ಟ ಹೆಸರದು. ಪಾಂಬಾರೂ ಮೋಯಾರೂ ಕಾವೇರಿಯ ಜಲಾನಯನಕ್ಕೇ ಸೇರಿದವು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಮೀನನ್ನು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿಸಿತು. ನಾಮಕರಣವೂ ಮರಣದ ಎಚ್ಚರಿಕೆಯೂ ಒಂದೇ ವರ್ಷದಲ್ಲಿ ನಡೆದವು. ಹೊರಗಿನ ಮೀನೊಂದೇ ಇದಕ್ಕೆ ಕಾರಣವೆಂದು ಹೇಳುವುದು ನ್ಯಾಯವಲ್ಲ. ಅಣೆಕಟ್ಟುಗಳು, ಬೇಸಗೆಯಲ್ಲಿ ಬಡವಾಗುವ ಹೊಳೆ, ಮರಳು ತೆಗೆಯುವುದು, ಸಿಡಿಮದ್ದು, ಪಟ್ಟಣಗಳ ಕೊಳೆನೀರು ಎಲ್ಲವೂ ತಮ್ಮ ಪಾಲನ್ನು ಸಲ್ಲಿಸಿರುವುವು.

ಇದೇ 2018ರಲ್ಲಿ ಇನ್ನೊಂದು ಪ್ರಸಿದ್ಧ ಲೆಕ್ಕವೂ ನಿಶ್ಚಯವಾಯಿತು. ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕವು ತಮಿಳುನಾಡಿಗೆ ವರ್ಷಕ್ಕೆ 177.25 ಟಿ.ಎಂ.ಸಿ. ನೀರನ್ನು ಬಿಳಿಗುಂಡ್ಲುವಿನಲ್ಲಿ ಸಲ್ಲಿಸಬೇಕೆಂದು ತೀರ್ಪಿತ್ತಿತು. ಬಿಳಿಗುಂಡ್ಲುವಿರುವುದು ಹೊಗೆನಕಲ್ಲಿನಿಂದ ಸ್ವಲ್ಪ ಮೇಲೆ, ಇದೇ ಮೀನು ಬಾಳಿದ ಕಣಿವೆಯಲ್ಲಿಯೇ. ಅಲ್ಲಿ ಹರಿಯುವ ನೀರನ್ನು ದಿನದಿನವೂ ಅಳೆಯುತ್ತಾರೆ. ಎರಡು ರಾಜ್ಯಗಳ ಪತ್ರಿಕೆಗಳು ಆ ಅಂಕಿಗಳನ್ನು ಪ್ರಕಟಿಸುತ್ತವೆ. ನೀರಿನ ಒಂದೊಂದು ಪಾಲಿಗೂ ಲೆಕ್ಕವಿದೆ, ವಕೀಲರಿದ್ದಾರೆ. ಆ ನೀರಿನೊಳಗಿನ ಜೀವಕ್ಕೆ ಲೆಕ್ಕವಿಟ್ಟವರು ಮಾತ್ರ ಸಣ್ಣ ಹರಿಗೋಲಿನಲ್ಲಿ ಕುಳಿತು ಹವ್ಯಾಸಕ್ಕಾಗಿ ಗಾಳ ಹಾಕಿದ ಕೆಲವು ಮಂದಿ!

ಆ ಪುಸ್ತಕವೂ ಈಗ ಮುಚ್ಚಿದೆ. ಕರ್ನಾಟಕದ ದಡವು 1987ರಲ್ಲಿ ಕಾವೇರಿ ವನ್ಯಧಾಮವೆಂದು ಘೋಷಿತವಾಗಿದ್ದಿತು. ವನ್ಯಧಾಮದೊಳಗೆ ಗಾಳ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಒಪ್ಪುವುದಿಲ್ಲವೆಂದು ತೀರ್ಮಾನವಾಗಿ, ಬಿಡಾರಗಳ ಗಾಳದ ಆಟ 2012ರ ವೇಳೆಗೆ ನಿಂತಿತು. ತಮಿಳುನಾಡಿನ ಕಡೆಯೂ 2014ರಲ್ಲಿ ಕಾವೇರಿ ಉತ್ತರ ವನ್ಯಧಾಮವೂ 2022ರಲ್ಲಿ ಕಾವೇರಿ ದಕ್ಷಿಣ ವನ್ಯಧಾಮವೂ ಕೃಷ್ಣಗಿರಿ ಧರ್ಮಪುರಿಗಳ ಕಾಡುಗಳಲ್ಲಿ ಏರ್ಪಟ್ಟವು. ಕಾಡಿಗೆ ರಕ್ಷಣೆ ದೊರೆತುದು ಒಳ್ಳೆಯದೇ. ವಿನೋದಕ್ಕಾಗಿ ಜೀವಿಯ ಬಾಯಿಗೆ ಗಾಳ ಚುಚ್ಚುವುದು ಧರ್ಮವೇ ಎಂದು ಕೇಳುವವರಿಗೂ ನಾವು ತಲೆಬಾಗುತ್ತೇವೆ. ಆ ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಗಾಳ ಹೋದಾಗ ಕಾವಲುಗಾರನ ಸಂಬಳವೂ ಹೋಯಿತು, ಲೆಕ್ಕದ ಪುಸ್ತಕವೂ ಹೋಯಿತು. ಕದ್ದು ಸಿಡಿಮದ್ದು ಹಾಕುವವನು ಲೆಕ್ಕ ಬರೆಯುವುದಿಲ್ಲ. ಲೆಕ್ಕವಿಲ್ಲದ ಕಡೆ ಅಳಿವು ಸದ್ದಿಲ್ಲದೆ ನಡೆಯುತ್ತದೆ. ಆದುದರಿಂದ ಆಟವನ್ನು ನಿಲ್ಲಿಸಿದವರು ಎಣಿಕೆಯ ಕೆಲಸವನ್ನು ತಮ್ಮ ಮೇಲೆ ಹೊತ್ತುಕೊಳ್ಳಬೇಕಾದುದು ನ್ಯಾಯ.

ಈ ಚರಿತ್ರೆಯಿಂದ ನಮಗೆ ತೋರುವ ಪಾಠವಿಷ್ಟು. ಹೊಳೆಯನ್ನು ಪ್ರೀತಿಸಿದವರೇ ಅರಿವಿಲ್ಲದೆ ಅದಕ್ಕೆ ಕೇಡು ತಂದರು. ಮತ್ತೆ ಅವರು ಪ್ರಾಮಾಣಿಕವಾಗಿ ಬರೆದಿಟ್ಟ ಲೆಕ್ಕದಿಂದಲೇ ಕೇಡು ಬೆಳಕಿಗೆ ಬಂದಿತು. ಪ್ರೀತಿಯೊಂದೇ ಸಾಲದು, ಹೆಸರು ಹಿಡಿದು ಗುರುತಿಸುವ ಅರಿವೂ ಬೇಕು. ಆ ಅರಿವು ಹರಿಗೋಲಿನ ಹುಟ್ಟು ಹಿಡಿದವರ ಬಳಿ ಇದ್ದಿತು. ಗಾಳ ಕಚ್ಚಿದ ಮೀನು ದಾರವನ್ನೆಳೆಯುವ ಬಗೆಯಿಂದಲೇ, ಮೈಯ ಬಣ್ಣದಿಂದಲೇ, ಇದು ಇಂಥದು, ಅದು ಅಂಥದು ಎಂದು ಹೊಳೆಯ ಜನರು ಬೇರ್ಪಡಿಸಬಲ್ಲವರು. ಸೋಮೇಶ್ವರನ ಕಾಲದಿಂದ ಇಂದಿನವರೆಗೂ ಅವರನ್ನು ಕೇಳಿ ತಿಳಿದವರುಂಟು. ಅವರ ಹೆಸರಿನಲ್ಲಿ ಬರೆದವರಿಲ್ಲ.

ಆದುದರಿಂದ ಸಂಘದ ಸದಸ್ಯರಲ್ಲಿ ನಮ್ಮದೊಂದು ಅರಿಕೆ. ಪೆನ್ನಾಗರ, ಡೆಂಕಣಿಕೋಟೆ, ಮೇಟ್ಟೂರು, ಕೊಳತ್ತೂರುಗಳ ಕಡೆಯ ಹೊಳೆಯಂಚಿನ ಹಳ್ಳಿಗಳಲ್ಲಿ ನೆಂಟರಿಷ್ಟರುಳ್ಳವರು ನಮ್ಮಲ್ಲಿ ಅನೇಕರಿರುವರು. ಅಲ್ಲಿಯ ಹಿರಿಯ ಅಂಬಿಗರನ್ನು ಕಂಡು, ಮೀನುಗಳ ಹೆಸರನ್ನೂ ಮಡುಗಳ ಹೆಸರನ್ನೂ, ಯಾವ ಮೀನನ್ನು ಕೊನೆಗೆ ಯಾವ ವರ್ಷ ಕಂಡರೆಂಬುದನ್ನೂ ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲಿಯೂ, ತಮಿಳಿನಲ್ಲಿ ಹೇಳಿದರೆ ತಮಿಳಿನಲ್ಲಿಯೂ ಬರೆದು ತರಬೇಕು. ಹೇಳಿದವರು ಒಪ್ಪಿದರೆ ಅವರ ಹೆಸರನ್ನೂ ಬರೆಯಬೇಕು. ಒಂದು ನಲವತ್ತು ಪುಟದ ನೋಟುಪುಸ್ತಕವೂ ಒಂದು ಸೀಸದ ಕಡ್ಡಿಯೂ ಸಾಕು. ಬಿಳಿಮೀನು ಮರಳಿ ಹೊಗೆನಕಲ್ಲಿನ ಮಡುಗಳನ್ನು ತುಂಬೀತೆ ಎಂಬುದು ನಮ್ಮ ಕೈಯಲ್ಲಿಲ್ಲ. ಅದರ ಹೆಸರೂ ಅದನ್ನು ಬಲ್ಲವರ ಹೆಸರೂ ಉಳಿಯುವುದು ನಮ್ಮ ಕೈಯಲ್ಲಿದೆ.